ಅಲ್ಜೈಮರ್ ಇರುವ ಹಿರಿಯ ರಂಗನಟರಿಗೆ ಸನ್ಮಾನ: ವೇದಿಕೆಗೆ ಕರೆತರುವುದು ಸರಿಯಾ, ಹೇಗೆ ಮಾಡಬೇಕು?

ಕೌಲ್‌ಬಜಾರ್ ಕಲಾಸಂಘ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಳ್ಳಾರಿಯ ಹಿರಿಯ ರಂಗನಟರೊಬ್ಬರಿಗೆ ಸನ್ಮಾನ ಮಾಡಬೇಕೆಂದು ಸಂಘದಲ್ಲಿ ತೀರ್ಮಾನವಾಗಿದೆ. ಮನೆಯವರ ಕೋರಿಕೆಯಂತೆ ಹೆಸರು ಹಾಕುವುದಿಲ್ಲ. ವಯಸ್ಸು 79. ಕಂಪನಿ ನಾಟಕಗಳಲ್ಲಿ ದುರ್ಯೋಧನ, ಕೀಚಕ ಎಂದರೆ ಅವರೇ ಎನ್ನುವಂತಿದ್ದವರು. ಅಲ್ಜೈಮರ್ ಎಂದು ಗೊತ್ತಾಗಿ 3 ವರ್ಷ. ಹೆಂಡತಿ ಮತ್ತು ದೊಡ್ಡ ಮಗಳ ಗುರುತು ಇದೆ, ಮೊಮ್ಮಕ್ಕಳು ಅದಲುಬದಲಾಗುತ್ತಾರೆ. ತಿಂಡಿ ತಿಂದದ್ದು ಅರ್ಧ ಗಂಟೆಗೆ ಮರೆತುಹೋಗುತ್ತದೆ. ಆದರೆ ಹಾರ್ಮೋನಿಯಂ ದನಿ ಕಿವಿಗೆ ಬಿದ್ದರೆ ಕಂದಪದ್ಯ ಒಂದಕ್ಷರ ತಪ್ಪದೆ ಬರುತ್ತದೆ. ಸಂಜೆಯಾದರೆ ಟ್ರಂಕು ತೆಗೆದು ಬಟ್ಟೆ ಜೋಡಿಸಿಕೊಂಡು "ಕ್ಯಾಂಪಿಗೆ ಹೊತ್ತಾತು, ಲಾರಿ ಬಂತಾ?" ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕ್ಯಾಂಪು ಎಂದರೆ ನಾಟಕ ಕಂಪನಿ ಟೆಂಟ್ ಹಾಕುವ ಊರು.

ಈಗಿನ ಯೋಜನೆ: ಭಾನುವಾರ ಸಂಜೆ 6ಕ್ಕೆ ರಂಗಮಂದಿರದಲ್ಲಿ 300–400 ಜನ. 8 ಭಾಷಣ, ಪೇಟ, ಶಾಲು, ಹಾರ, ಮಾನಪತ್ರ. ಕೊನೆಗೆ ಅವರಿಗೆ ವೇಷ ಹಾಕಿಸಿ ಒಂದು ಚಿಕ್ಕ ದೃಶ್ಯ. ಮನೆಯವರು ಒಪ್ಪಿದ್ದಾರೆ, ಆದರೆ ಮಗಳಿಗೆ ಅಳುಕಿದೆ. ಇದರಲ್ಲಿ ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು? ಪದ್ಯ ಮಧ್ಯದಲ್ಲಿ ನಿಂತುಬಿಟ್ಟರೆ ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಹಿರಿಯರ ಆರೈಕೆ, ರಾಯಚೂರು

ಸನ್ಮಾನ ಖಂಡಿತ ಮಾಡಿ. ಆದರೆ ನೀವು ಹಾಕಿಕೊಂಡಿರುವ ಹೊತ್ತು, ಜನ, ಮಾತು ಮೂರೂ ಅವರಿಗೆ ಭಾರ.

ಸಂಜೆ 6 ಬೇಡವೇ ಬೇಡ. ಟ್ರಂಕು ಕಟ್ಟುವುದು ಸಂಜೆ ಹೊತ್ತಿಗೇ ಎಂದು ನೀವೇ ಬರೆದಿದ್ದೀರಿ. ಈ ಕಾಯಿಲೆಯಲ್ಲಿ ಹೊತ್ತು ಮುಳುಗುವಾಗ ಗಲಿಬಿಲಿ ಏರುತ್ತದೆ. ದಿನವಿಡೀ ದುಡಿದು ಮಿದುಳು ದಣಿದಿರುತ್ತದೆ, ಹಗಲು ರಾತ್ರಿಯ ಲೆಕ್ಕ ಇಡುವ ಒಳಗಿನ ಗಡಿಯಾರ ಸಡಿಲಾಗಿರುತ್ತದೆ, ಮಬ್ಬು ಬೆಳಕಿನಲ್ಲಿ ಕಂಡದ್ದು ಏನೆಂದು ತಿಳಿಯುವುದಿಲ್ಲ. ಅದರ ಮೇಲೆ ನಮ್ಮ ಕಡೆ 6 ಎಂದರೆ ಅತಿಥಿಗಳು ಬರುವುದು ಏಳೂವರೆಗೆ. ಬೆಳಿಗ್ಗೆ 10ರಿಂದ 11ರೊಳಗೆ ಇಟ್ಟುಕೊಳ್ಳಿ. ಆಗ ಸ್ನಾನ, ತಿಂಡಿ, ಶೌಚ ಎಲ್ಲ ಮುಗಿದಿರುತ್ತದೆ. ಮಾರ್ಚ್‌ನಿಂದ ಮೇ ನಡುವೆ ಬಂದರೆ ಕಾರ್ಯಕ್ರಮವನ್ನೇ ಮುಂದಕ್ಕೆ ಹಾಕಿ. ಬಾಯಾರಿಕೆ ಆಗಿದೆ ಎಂದು ಅವರು ಹೇಳುವುದಿಲ್ಲ. ಬಳ್ಳಾರಿ ಬಿಸಿಲಿಗೆ ಮೈಯ ನೀರು ಸ್ವಲ್ಪ ಇಳಿದರೂ ಗಲಿಬಿಲಿ ಹೆಚ್ಚಾಗುತ್ತದೆ.

ಅವರು ವೇದಿಕೆ ಮೇಲೆ ಇರುವುದು ಒಟ್ಟು 20 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಭಾಷಣಗಳನ್ನು ಅವರು ಬರುವ ಮೊದಲೇ ಮುಗಿಸಿಬಿಡಿ. ಜನ ಎಲ್ಲ ಕೂತು ಸದ್ದಡಗಿದ ಮೇಲೆ ಪಕ್ಕದ ಬಾಗಿಲಿನಿಂದ ಮಗಳ ಜೊತೆ ಬರಲಿ. ಅವರಿರುವಾಗ ಮಾತಾಡುವವರು ಒಬ್ಬರೇ, ಎರಡು ನಿಮಿಷ. ಆ ಒಬ್ಬರಿಗೆ ಮೊದಲೇ ಹೇಳಿ: "ದೊಡ್ಡ ನಟರಾಗಿದ್ದರು" ಎನ್ನಬಾರದು, "ದೊಡ್ಡ ನಟರು" ಎನ್ನಬೇಕು. "ಪಾಪ, ಈಗ ಏನೂ ನೆನಪಿಲ್ಲ" ಎಂಬ ಮಾತು ಮೈಕಿನಲ್ಲಿ ಬರಲೇಬಾರದು. ಹೆಸರು ಮರೆತವರಿಗೆ ದನಿಯಲ್ಲಿರುವ ಕನಿಕರ ಚೆನ್ನಾಗಿ ತಿಳಿಯುತ್ತದೆ. ಮಾತು ಮರೆತರೂ ಆ ನೋವು ಸಂಜೆವರೆಗೂ ಮುಖದಲ್ಲಿ ಉಳಿದಿರುತ್ತದೆ.

ಇನ್ನೊಂದು ಇದೆ, ಉಳಿದ ಎಲ್ಲಕ್ಕಿಂತ ಹೆಚ್ಚು ನೋಯಿಸುವಂಥದ್ದು. ಹಳೆಯ ಕಲಾವಿದರು, ಅಭಿಮಾನಿಗಳು ಪ್ರೀತಿಯಿಂದಲೇ ಬಂದು "ಅಜ್ಜಾರೇ, ನಾನ್ಯಾರು ಹೇಳ್ರಿ ನೋಡೋಣ" ಎಂದು ಕೇಳುತ್ತಾರೆ. ಅದು ಪರೀಕ್ಷೆ. ಪ್ರತಿ ಸಲವೂ ಫೇಲ್ ಆಗುವ ಪರೀಕ್ಷೆ. ಬಾಗಿಲಲ್ಲೇ ಇಬ್ಬರು ನಿಂತು ಪ್ರತಿಯೊಬ್ಬರಿಗೂ ಹೇಳಲಿ: ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಬಾಗಿ, ತಮ್ಮ ಹೆಸರು ತಾವೇ ಹೇಳಬೇಕು. "ನಮಸ್ಕಾರ್ರಿ, ನಾನು ಸಿರುಗುಪ್ಪದವನು, ನಿಮ್ಮ ನಾಟಕಕ್ಕೆ ತಬಲಾ ನುಡಿಸ್ತಿದ್ದೆ" ಎಂದರೆ ಸಾಕು. ಉತ್ತರ ಬರಲು ಹತ್ತು ಸೆಕೆಂಡ್ ಹಿಡಿಯಬಹುದು. ಅಲ್ಲಿಯವರೆಗೆ ಸುಮ್ಮನಿರಬೇಕು, ಅದೇ ಮಾತನ್ನು ಇನ್ನೂ ಜೋರಾಗಿ ಹೇಳಬಾರದು.

ಪೇಟವನ್ನು ಹಿಂದಿನಿಂದ ತಲೆಗೆ ಇಟ್ಟರೆ ಬೆಚ್ಚಿ ಕೈ ಬೀಸಬಹುದು. ಎದುರಿಗೆ ತೋರಿಸಿ, ಕೈಗೆ ಕೊಟ್ಟು, ಅವರೇ ಇಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಮಡಿಲಲ್ಲಿ ಇರಲಿ. ಹಾರ ಒಂದೇ, ಹಗುರವಾದದ್ದು. ಗಾಜಿನ ಸ್ಮರಣಿಕೆಯನ್ನು ಮಗಳ ಕೈಗೆ ಕೊಡಿ. ಹಣದ ಲಕೋಟೆ ಅವರ ಕೈಗೆ ಬೇಡ. ಎಲ್ಲೋ ಜೋಪಾನವಾಗಿ ಬಚ್ಚಿಟ್ಟು ಆಮೇಲೆ ಯಾರೋ ಕದ್ದರು ಎಂದು ಮನೆಯವರ ಮೇಲೆಯೇ ಅನುಮಾನ ಬರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಖಾತೆಗೆ ಹಾಕಿ. ಪಟಾಕಿ, ಡೊಳ್ಳು, ಕಣ್ಣಿಗೆ ಹೊಡೆಯುವ ದೀಪ ಯಾವುದೂ ಬೇಡ.

ವೇದಿಕೆಯನ್ನು ಹಿಂದಿನ ದಿನವೇ ನೋಡಿ ಬನ್ನಿ. ಹೊಳೆಯುವ ನೆಲ ಅವರ ಕಣ್ಣಿಗೆ ನೀರು ನಿಂತಂತೆ ಕಾಣುತ್ತದೆ, ಕಪ್ಪು ಚಾಪೆ ಗುಂಡಿಯಂತೆ ಕಾಣುತ್ತದೆ. ಅದರ ಅಂಚಿನಲ್ಲಿ ಕಾಲು ಎತ್ತದೆ ನಿಂತುಬಿಡುತ್ತಾರೆ, ಹಿಂದಿನಿಂದ ಯಾರಾದರೂ ಎಳೆದರೆ ಬೀಳುತ್ತಾರೆ. ಇಡೀ ನೆಲಕ್ಕೆ ಒಂದೇ ಬಣ್ಣದ, ತಿಳಿ ಬಣ್ಣದ ಜಮಖಾನೆ ಹಾಸಿ, ಅಂಚುಗಳನ್ನು ಟೇಪಿನಿಂದ ಅಂಟಿಸಿ. ಮೆಟ್ಟಿಲಿನ ತುದಿಗೆ ಬಿಳಿ ಪಟ್ಟಿ ಹಚ್ಚಿ. ಕುರ್ಚಿಗೆ ಕೈ ಇರಲಿ, ತೀರಾ ಮೆತ್ತಗಿನ ಸೋಫಾ ಬೇಡ, ಎದ್ದೇಳಲು ಆಗುವುದಿಲ್ಲ. ಕನ್ನಡಕ, ಕಿವಿಯ ಮಷೀನು ಹಾಕಿಕೊಂಡೇ ಬರಲಿ. ಮನೆಯಿಂದ ಹೊರಡುವ ಮುನ್ನ ಒಮ್ಮೆ, ಹಾಲ್‌ನಲ್ಲಿ ಒಮ್ಮೆ ಶೌಚಕ್ಕೆ ಕರೆದುಕೊಂಡು ಹೋಗಿ, ಅವರು ಕೇಳಲಿ ಎಂದು ಕಾಯಬೇಡಿ. ತಿನ್ನಲು ಒಗ್ಗರಣಿ ಮಿರ್ಚಿ ಬೇಡ. ಒಣ ಮಂಡಕ್ಕಿ ಗಂಟಲಿಗೆ ಹತ್ತುತ್ತದೆ. ಮೆತ್ತಗಿನ ಇಡ್ಲಿ ಅಥವಾ ಉಪ್ಪಿಟ್ಟು, ಅರ್ಧ ಕಪ್ ಚಹಾ ಸಾಕು.

ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. "ಆ ದಿನ ಶಾಂತವಾಗಿರಲಿ" ಎಂದು ಯಾರಾದರೂ ನೆಗಡಿ, ಅಲರ್ಜಿ ಅಥವಾ ನಿದ್ರೆಯ ಮಾತ್ರೆ ಕೊಡಲು ಹೋಗಬಹುದು. ಕೊಡಬೇಡಿ. ಕ್ಲೋರ್ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥವು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಅಲ್ಜೈಮರ್‌ಗೆ ಕೊಡುವ ಡೊನೆಪೆಜಿಲ್ ಅದೇ ರಾಸಾಯನಿಕವನ್ನು ಉಳಿಸಲು ಇರುವುದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಡೊನೆಪೆಜಿಲ್ ಸಾಮಾನ್ಯವಾಗಿ ದಿನಕ್ಕೆ 5 ಮಿ.ಗ್ರಾಂನಿಂದ ಶುರುವಾಗಿ 4–6 ವಾರದ ಮೇಲೆ 10ಕ್ಕೆ ಏರುತ್ತದೆ. ಏರಿಸಿದ ಹೊಸದರಲ್ಲಿ ವಾಕರಿಕೆ, ಭೇದಿ ಬರಬಹುದು, ನಾಡಿ ನಿಧಾನವಾಗಿ ತಲೆ ಸುತ್ತಬಹುದು. ಡಾಕ್ಟರು ಈಗಷ್ಟೇ ಡೋಸ್ ಏರಿಸಿದ್ದರೆ ಸನ್ಮಾನವನ್ನು ಒಂದು ತಿಂಗಳು ತಡವಾಗಿ ಇಟ್ಟುಕೊಳ್ಳಿ.

ಕಾಲ್ಪೆಟಗಿ, ಕೊಪ್ಪಳ

ಮ್ಯಾಲಿನವರು ಹೇಳಿದ್ದು ಪೂರಾ ಖರೆ. ನಾ ಪದ್ಯದ ಮಾತಷ್ಟ ಹೇಳ್ತೀನ್ರಿ.

ಪದ್ಯ ಯಾಕ ಉಳದೈತಿ ಅಂದ್ರ, ಅದು ಬರೇ ನೆನಪಲ್ಲ, ರೂಢಿ. ಅಲ್ಜೈಮರ್ ಮೊದ್ಲು ಹಿಡಿಯೂದು ಹಿಪ್ಪೊಕ್ಯಾಂಪಸ್ ಅನ್ನೂ ಜಾಗಾನ. ಇವತ್ತು ನಡದದ್ದನ್ನ ಬರದಿಡೂ ಜಾಗಾ ಅದು. ಸಾವಿರ ಸಲ ಹಾಡಿ ಹಾಡಿ ಉಸಿರಿಗೆ, ನಾಲಿಗಿಗೆ, ಕೈಗೆ ಹತ್ತಿದ್ದು ಬ್ಯಾರೆ ಕಡಿ ಕುಂತಿರ್ತೈತಿ, ಅಲ್ಲಿಗೆ ರೋಗ ಹೋಗಿ ಮುಟ್ಟೂದು ತಡಾ. ಅದಕ್ಕ ಅವರಿಗೆ "ಆ ಪದ್ಯ ಯಾವ್ದು ಹೇಳ್ರಿ" ಅಂತ ಕೇಳಬ್ಯಾಡ್ರಿ. ಕೇಳಿದ್ರ ಹೋಗಿರೂ ಬಾಗಲಾ ಬಡದಂಗ. ಪೆಟಗಿ, ಅಂದ್ರ ಹಾರ್ಮೋನಿಯಂ, ನುಡಸ್ರಿ, ತೆರದಿರೂ ಬಾಗಲಾದಿಂದ ತಾನ ಬರ್ತೈತಿ.

ಶ್ರುತಿ ಇಳಸ್ರಿ. ಆಗ ಬಿಳಿ 4ಕ್ಕ (ಪೆಟಗೀ 4ನೇ ಬಿಳಿ ಕೀಗೆ) ಹಾಡ್ತಿದ್ರ ಈಗ ಬಿಳಿ 2, ಇಲ್ಲಾಂದ್ರ ಕರಿ 1. ಹಳೇ ಶ್ರುತಿನ ಹಿಡದ್ರ ತಾರಕ್ಕ ಹೋದಾಗ ಉಸಿರು ಸಾಲೂದಿಲ್ಲ, ದನಿ ಒಡದ ಕೂಡ್ಲೆ ಗಾಬರಿ ಆಗ್ತಾರ, ಗಾಬರಿ ಆದ್ರ ಸಾಹಿತ್ಯಾನೂ ಹೋಗ್ತೈತಿ. ಜನ ಮರೆವು ಅಂತ ತಿಳೀತಾರ, ಖರೇ ತಪ್ಪು ಶ್ರುತೀದು. ಒಂದು ವಾರ ಮೊದ್ಲು ಮನ್ಯಾಗ ಕುಂತು ಯಾವ ಶ್ರುತಿ ಕೂಡ್ತೈತಿ ಅಂತ ನೋಡಿ ಬರದಿಟ್ಕೊಳ್ರಿ. ಆ ದಿನ ಅದ ಪೆಟಗಿ, ಅದ ಮಾಸ್ತರ್ ಇರಬೇಕು. ಕೀಬೋರ್ಡ್ ಬ್ಯಾಡ್ರಿ, ಅದರ ದನಿ ಅವರ ಕಿವಿಗೆ ಹೊಸಾದು.

ಕಂದ ಇದಕ್ಕ ಭಾಳ ಚಲೋ ಯಾಕಂದ್ರ ಅದರ ಕಟ್ಟು ಬಿಗಿ. ಮೊದಲ್ನೇ ಸಾಲು 12 ಮಾತ್ರೆ, ಎರಡ್ನೇದು 20, ಮತ್ತ 12, ಮತ್ತ 20. ನಾಕೂ ಸಾಲಿಗೆ ಎರಡ್ನೇ ಅಕ್ಷರ ಒಂದ, ಆದಿಪ್ರಾಸ. ಆ ಪ್ರಾಸನ ಒಂದು ಸಾಲಿನಿಂದ ಇನ್ನೊಂದಕ್ಕ ಎಳಕೊಂಡು ಹೋಗ್ತೈತಿ. ಹಿಂಗಾಗಿ ನಡಕ ನಿಂತ್ರ ನಿಂತಲ್ಲಿಂದ ಎಬ್ಬಸಬ್ಯಾಡ್ರಿ. ಮಾಸ್ತರು ಷಡ್ಜ ಹಿಡದು ಒಂದಾವರ್ತ ತಿರುಗಿ, ಸಾಲಿನ ಸುರೂಕ ಬರಬೇಕು. ಪ್ರಾಂಪ್ಟರ್ ಒಬ್ಬಾಂವ ಬಲಗಡಿ, ಅವರ ಕಣ್ಣಿಗೆ ಕಾಣೂ ಹಂಗ ಕುಂತಿರ್ಲಿ. ಸೈಡ್‌ವಿಂಗ್‌ದಾಗ ಅಡಗಿ ಕುಂತ್ರ ಎಲ್ಲಿಂದಾರ ದನಿ ಬಂತು ಅಂತ ಹುಡುಕ್ತಾರ. ಅಂವ ಕೊಡಬೇಕಾದ್ದು ಸಾಲಿನ ಮೊದಲ ಎರಡಕ್ಷರ ಅಷ್ಟ, ಅದರಾಗ ಪ್ರಾಸ ಬಂತಲ್ಲ. ಪೂರಾ ಸಾಲು ಒದರಿದ್ರ ಅವರು ಹಾಡೂದು ಬಿಟ್ಟು ಕೇಳಾಕ ನಿಲ್ತಾರ. ಎರಡು ಸಲ ಕೊಟ್ಟರೂ ಬರಲಿಲ್ಲಂದ್ರ ಮಾಸ್ತರು, ಹಿಮ್ಮೇಳದವರು ಎಲ್ಲಾರೂ ಸೇರಿ ಹಾಡಿ ಮುಗಸ್ರಿ, ಅವರೂ ತುಟಿ ಕೂಡಸ್ತಾರ. ಜನರಿಗೆ ಗೊತ್ತೂ ಆಗೂದಿಲ್ಲ.

ಮೈಕ್ ಕೈಗೆ ಕೊಡಬ್ಯಾಡ್ರಿ, ಸ್ಟ್ಯಾಂಡ್‌ಗೆ ಹಾಕ್ರಿ. ಮಾನಿಟರ್ ಸ್ಪೀಕರ್ ಅವರ ಕಡಿ ತಿರುಗಸಬ್ಯಾಡ್ರಿ. ತಮ್ಮ ದನಿ ತಡಾ ಆಗಿ ಕಿವಿಗೆ ಬಂದ್ರ ಬ್ಯಾರೆ ಯಾರೋ ಹಾಡಾಕತ್ಯಾರ ಅಂತ ಬಾಯಿ ಮುಚ್ಚತಾರ.

ವೇಷ ಮಾತ್ರ ಬ್ಯಾಡ್ರಿ. ಬಣ್ಣ ಹಚ್ಚಿ ಕನ್ನಡಿ ಮುಂದ ಕುಂದ್ರಿಸಿದ್ರ ಒಳಗಿರಾಂವ ಯಾರಂತ ಅಂಜತಾರ. ಕಿರೀಟ, ಭುಜಕೀರ್ತಿ ಭಾರ ಬ್ಯಾರೆ. ಬೇಕಂದ್ರ ಗದಾ ಒಂದು ಕುರ್ಚಿ ಬಾಜೂಕ ಇಡ್ರಿ, ಹಗುರಂದು. ಪೆಟಗಿ ಸುರೂ ಆದ ಕೂಡ್ಲೆ ಕೈ ಅದರ ಮ್ಯಾಲ ಹೋಗ್ತೈತಿ, ಬೆನ್ನು ನೆಟ್ಟಗಾಗ್ತೈತಿ, ಹುಬ್ಬು ಏರ್ತೈತಿ. ಅಷ್ಟು ಸಾಕಲ್ರಿ ದುರ್ಯೋಧನ.

ತುಂಗಭದ್ರಾ ದಂಡೆ, ಕಂಪ್ಲಿ

ಹಾಲ್ ಬೇಕೇ ಬೇಕಾ ಎಂದು ನನ್ನ ಪ್ರಶ್ನೆ. 400 ಜನರ ಚಪ್ಪಾಳೆ ಒಮ್ಮೆಗೇ ಎದ್ದರೆ ಅದು ಗುಡುಗಿದಂತೆ. ಅವರ ಓಣಿಯಲ್ಲೇ, ಮನೆ ಮುಂದೆ ಶಾಮಿಯಾನ ಹಾಕಿ 40–50 ಜನ, ಹೆಚ್ಚಿನವರು ಕಲಾವಿದರೇ ಇರಲಿ. ಸಾಕೆನಿಸಿದರೆ ಹತ್ತು ಹೆಜ್ಜೆಗೆ ಅವರ ಮಂಚ ಇರುತ್ತದೆ. ಹಾಲ್‌ನಲ್ಲಾದರೆ ಎದ್ದು ಹೊರಟರೂ ಕಾರು, ಟ್ರಾಫಿಕ್ಕು, ಮತ್ತೆ ಗಲಿಬಿಲಿ.

ಅವರನ್ನೂ ಕೇಳಿ. ಮನೆಯವರ ಒಪ್ಪಿಗೆ ಸಾಲದು. ಬೆಳಿಗ್ಗೆ ಹೊತ್ತು, ಒಂದೇ ಮಾತಿನಲ್ಲಿ: "ಕಲಾವಿದರು ಬಂದು ನಿಮಗೆ ಶಾಲು ಹಾಕ್ತಾರಂತೆ, ಬರಲಾ ಅಂತಾರೆ." ಬೇರೆ ಬೇರೆ ಮೂರು ದಿನ ಕೇಳಿ. ಮುಖ ಅರಳಿದರೆ ಅದೇ ಒಪ್ಪಿಗೆ. ಮೂರು ದಿನವೂ ಮುಖ ತಿರುಗಿಸಿದರೆ ಮಾನಪತ್ರವನ್ನು ಮಗಳ ಕೈಗೆ ಕೊಟ್ಟು ಬನ್ನಿ.

ಕೌಲ್‌ಬಜಾರ್ ಕಲಾಸಂಘ, ಬಳ್ಳಾರಿ

ಎಲ್ಲರಿಗೂ ಧನ್ಯವಾದ. ಸಂಜೆ, ವೇಷ, 8 ಭಾಷಣ ಮೂರನ್ನೂ ಕೈಬಿಟ್ಟಿದ್ದೇವೆ. ಓಣಿಯಲ್ಲೇ ಮಾಡುವ ಮಾತು ಮಗಳಿಗೂ ಒಪ್ಪಿಗೆಯಾಯಿತು. ಇನ್ನು ಮೂರು ಪ್ರಶ್ನೆ: ಟ್ರಂಕು ಕಟ್ಟುವಾಗ ಮನೆಯವರು ಏನು ಹೇಳಬೇಕು? ಪತ್ರಿಕೆಯವರಿಗೆ ಕಾಯಿಲೆಯ ಹೆಸರು ಹೇಳಬೇಕಾ? ಮಾನಪತ್ರ 4 ಪುಟ ಆಗಿದೆ, ಏನು ಮಾಡಲಿ?

ಹಿರಿಯರ ಆರೈಕೆ, ರಾಯಚೂರು

ಟ್ರಂಕಿನದು ಮೊದಲು. "ಕಂಪನಿ ಮುಚ್ಚಿ 30 ವರ್ಷ ಆಯ್ತು, ಇದೇ ನಿಮ್ಮ ಮನೆ" ಎಂದು ತಿದ್ದಿದರೆ ಜಗಳವಾಗುತ್ತದೆ, ಇಲ್ಲವೇ ಅದೇ ಕ್ಷಣ ಕಂಪನಿ ಹೋಯಿತೆಂದು ಹೊಸದಾಗಿ ದುಃಖಪಡುತ್ತಾರೆ. ನಾಳೆ ತಿದ್ದಿದರೆ ನಾಳೆಯೂ ಅಷ್ಟೇ ದುಃಖ. "ಲಾರಿ ಈಗ ಬರುತ್ತೆ" ಎಂದು ಸುಳ್ಳು ಹೇಳಿದರೆ ರಾತ್ರಿ ಹನ್ನೊಂದರವರೆಗೆ ಬಾಗಿಲಲ್ಲೇ ಕಾಯುತ್ತಾರೆ. ಎರಡೂ ಬೇಡ. ಕ್ಯಾಂಪಿನ ಮಾತನ್ನೇ ಹಿಡಿದುಕೊಳ್ಳಿ: "ಯಾವ ಕ್ಯಾಂಪು ಚೆನ್ನಾಗಿ ಕಲೆಕ್ಷನ್ ಆಗ್ತಿತ್ತು?" "ಈ ಶಲ್ಯ ಯಾವ ಪಾತ್ರದ್ದು?" ಬಟ್ಟೆ ಮಡಚಲು ಜೊತೆಗೆ ಕೂತುಕೊಳ್ಳಿ. ಹತ್ತು ನಿಮಿಷ ಮಡಚಿ, ಬಿಚ್ಚಿ, ಮತ್ತೆ ಮಡಚುವಷ್ಟರಲ್ಲಿ ಕೈಗೆ ಕೆಲಸ ಸಿಕ್ಕಿ ಮನಸ್ಸು ಇಳಿಯುತ್ತದೆ. ಆಮೇಲೆ "ಊಟ ಮಾಡೋಣ ಬನ್ನಿ". ಟ್ರಂಕನ್ನು ಅಟ್ಟಕ್ಕೆ ಹಾಕಿ ಬಚ್ಚಿಡಬೇಡಿ. ಅದರೊಳಗಿಂದ ಹಣ, ದಾಖಲೆ, ಚೂಪಾದ ಸಾಮಾನು ತೆಗೆದು ನಾಲ್ಕು ಬಟ್ಟೆ, ಒಂದು ಶಲ್ಯ, ಹಳೆಯ ಹ್ಯಾಂಡ್‌ಬಿಲ್ ಇಟ್ಟಿರಿ. ಸಂಜೆ ಐದಕ್ಕೇ ಮನೆಯ ದೀಪಗಳನ್ನೆಲ್ಲ ಹಾಕಿಬಿಡಿ, ಕಿಟಕಿ ಪರದೆ ಎಳೆಯಿರಿ, ಮಧ್ಯಾಹ್ನ ಎರಡರ ಮೇಲೆ ಚಹಾ ಬೇಡ.

ಬಾಗಿಲ ಚಿಲಕ ಕಣ್ಣಿನ ಮಟ್ಟಕ್ಕಿಂತ ಮೇಲೆ ಹಾಕಿಸಿ, ಅವರು ಸಾಮಾನ್ಯವಾಗಿ ಅಲ್ಲಿ ಹುಡುಕುವುದಿಲ್ಲ. ಆದರೆ ಹೊರಗಿನಿಂದ ಬೀಗ ಹಾಕಿ ಒಬ್ಬರನ್ನೇ ಬಿಟ್ಟು ಹೋಗಬೇಡಿ. ಅಂಗಿಯ ಒಳಜೇಬಿನಲ್ಲಿ ಮಗಳ ಫೋನ್ ನಂಬರಿನ ಚೀಟಿ ಹೊಲಿದುಬಿಡಿ. ಕಾಣೆಯಾದರೆ "ಇಲ್ಲೇ ಎಲ್ಲೋ ಇರ್ತಾರೆ" ಎಂದು ಕಾಯದೆ ತಕ್ಷಣ 112ಕ್ಕೆ ಹೇಳಿ. ಮೊದಲು ಹುಡುಕಬೇಕಾದ್ದು ಹಳೆಯ ದಾರಿಗಳು: ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಹಿಂದೆ ಕಂಪನಿ ಟೆಂಟ್ ಹಾಕುತ್ತಿದ್ದ ಮೈದಾನ.

ಗಲಿಬಿಲಿ ಎರಡು ಮೂರು ದಿನದಲ್ಲಿ ಒಮ್ಮೆಲೇ ಏರಿದರೆ, ಹಗಲೆಲ್ಲ ಮಂಪರು ಹಿಡಿದರೆ, ಅದನ್ನು ಅಲ್ಜೈಮರ್ ಎಂದು ಬಿಟ್ಟುಬಿಡಬೇಡಿ. ಅಲ್ಜೈಮರ್ ತಿಂಗಳು ವರ್ಷಗಳಲ್ಲಿ ಏರುವ ಕಾಯಿಲೆ. ದಿನಗಳಲ್ಲಿ ಏರಿದರೆ ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಮಾತ್ರೆ, ಮಲಬದ್ಧತೆ, ಅಥವಾ ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು ಕಾರಣವಿರಬಹುದು. ಇವುಗಳಿಗೆಲ್ಲ ಚಿಕಿತ್ಸೆ ಇದೆ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರತಿ ತಪಾಸಣೆಗೂ ಬೆಂಗಳೂರಿಗೆ ಓಡಬೇಕಿಲ್ಲ. ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿ ಮಟ್ಟಕ್ಕೆ ಒಯ್ಯುವ ಪ್ರಯೋಗ ಮಾಡಿದ್ದು ನಿಮ್ಮ ಬಳ್ಳಾರಿ ಜಿಲ್ಲೆಯಲ್ಲೇ. "ಬಳ್ಳಾರಿ ಮಾದರಿ" ಎಂದು ಹೆಸರಾದ ಅದನ್ನು ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಮಾತ್ರೆ, ಸಲಹೆ ಕೇಳಿ. ರಾತ್ರಿ ಹೊತ್ತು ಮಗಳಿಗೆ ದಾರಿ ತೋಚದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರ ಅಳಲಿಗೂ ಅಲ್ಲಿ ಕಿವಿ ಕೊಡುತ್ತಾರೆ. ಸನ್ಮಾನದ ದಿನ ಶಾಲು ಎರಡು ತನ್ನಿ, ಒಂದು ಅವರ ಹೆಂಡತಿಗೆ.

ತುಂಗಭದ್ರಾ ದಂಡೆ, ಕಂಪ್ಲಿ

ಪತ್ರಿಕೆಯ ವಿಷಯ. ಹೇಳಬೇಕೆಂಬ ಕಡ್ಡಾಯ ಇಲ್ಲ, ಮುಚ್ಚಿಡಬೇಕೆಂಬುದೂ ಇಲ್ಲ. ಹಾಲಿವುಡ್‌ನ ಹೆಸರಾಂತ ನಟರು ಎರಡೂ ದಾರಿ ಹಿಡಿದಿದ್ದಾರೆ. ಚಾರ್ಲ್‌ಟನ್ ಹೆಸ್ಟನ್ 2002ರಲ್ಲಿ, ಇನ್ನೂ ಮಾತು ಕೈಯಲ್ಲಿದ್ದಾಗಲೇ, ತಾವೇ ಧ್ವನಿಮುದ್ರಿಸಿದ ಸಂದೇಶದಲ್ಲಿ ಜನರಿಗೆ ತಿಳಿಸಿದರು. ಜೀನ್ ವೈಲ್ಡರ್ ಕಾಯಿಲೆಯ ಸುದ್ದಿ ಹೊರಬಂದದ್ದು 2016ರಲ್ಲಿ ಅವರು ತೀರಿಕೊಂಡ ಮೇಲೆ. ತಮ್ಮನ್ನು ಕಂಡು ನಗುವ ಮಕ್ಕಳ ಮುಂದೆ ದೊಡ್ಡವರು ರೋಗದ ಮಾತೆತ್ತಬಾರದು ಎಂಬುದು ಅವರ ಇಚ್ಛೆಯಾಗಿತ್ತೆಂದು ಮನೆಯವರು ಹೇಳಿದರು. ರೀಟಾ ಹೇವರ್ತ್ ಕಥೆ ಮಾತ್ರ ಕರುಳು ಕಿವುಚುತ್ತದೆ. ಸಂಭಾಷಣೆ ಮರೆಯುತ್ತಿದ್ದುದನ್ನು ಜನ ಕುಡಿತ ಎಂದೇ ತಿಳಿದಿದ್ದರು, ಕಾಯಿಲೆ ಅಲ್ಜೈಮರ್ ಎಂದು ಜಗತ್ತಿಗೆ ಗೊತ್ತಾದದ್ದು 1981ರ ಹೊತ್ತಿಗೆ. ನಿಮ್ಮ ಊರಿನಲ್ಲೂ "ಅಜ್ಜಾರು ಸೊಕ್ಕಿನಿಂದ ಮಾತಾಡಿಸ್ತಿಲ್ಲ" ಎಂಬ ಮಾತು ಹುಟ್ಟಿದ್ದರೆ, ಕಾಯಿಲೆಯ ಹೆಸರು ಹೇಳುವುದೇ ಅವರ ಮಾನ ಕಾಯುವ ದಾರಿ. ಮಗಳು ಒಂದು ವಾಕ್ಯ ಬರೆದುಕೊಡಲಿ, ಪತ್ರಿಕೆಗೆ ಅಷ್ಟೇ ಹೋಗಲಿ.

ಹಾಡು ಉಳಿದಿರುತ್ತದೆ ಎಂಬ ಕೊಪ್ಪಳದವರ ಮಾತಿಗೆ ಒಂದು ಪುರಾವೆ: ಅಮೆರಿಕದ ಗಾಯಕ ಟೋನಿ ಬೆನೆಟ್‌ಗೆ 2016ರಲ್ಲಿ ಅಲ್ಜೈಮರ್ ಎಂದು ತಿಳಿಯಿತು. 2021ರ ಆಗಸ್ಟ್‌ನಲ್ಲಿ, 95ನೇ ಹುಟ್ಟುಹಬ್ಬದ ಹೊತ್ತಿಗೆ, ನ್ಯೂಯಾರ್ಕಿನ ವೇದಿಕೆಯಲ್ಲಿ ಹಾಡಿದರು.

ವಿಡಿಯೋ ಬಗ್ಗೆ ಕಟ್ಟುನಿಟ್ಟಾಗಿರಿ. ಒಂದೇ ಕ್ಯಾಮೆರಾ, ನಿಮ್ಮದೇ. ಉಳಿದವರ ಫೋನು ಜೇಬಿನಲ್ಲಿ. ತೊದಲಿದ ಹತ್ತು ಸೆಕೆಂಡು ವಾಟ್ಸಾಪ್‌ನಲ್ಲಿ ಸುತ್ತಿದರೆ ವಾಪಸ್ ತರಲು ಆಗುವುದಿಲ್ಲ. ಏನು ಹೊರಗೆ ಬಿಡಬೇಕೆಂದು ಮಗಳು ನೋಡಿ ಹೇಳಲಿ.

ಮಾನಪತ್ರದ 4 ಪುಟವನ್ನು ಅರ್ಧ ಪುಟಕ್ಕೆ ಇಳಿಸಿ. ದಪ್ಪಕ್ಷರ, ಅಲಂಕಾರದ ಲಿಪಿ ಬೇಡ. ಅವರ ಹೆಸರು, ಮಾಡಿದ ನಾಲ್ಕು ಪಾತ್ರ, ವೇಷದ ಒಂದು ಹಳೆಯ ಫೋಟೋ. ಮಂಚದಿಂದ ಕಾಣುವ ಗೋಡೆಗೆ ಹಾಕಿದರೆ ದಿನವೂ ಓದುತ್ತಾರೆ. ಗಾಜಿನ ಬದಲು ಹೊಳಪಿಲ್ಲದ ಹಾಳೆ ಹಾಕಿಸಿ, ಬೆಳಕು ಹೊಡೆದರೆ ಅಕ್ಷರ ಕಾಣುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನ ಬರುತ್ತಿದ್ದರೆ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮಗಳು ನೆನಪಿಟ್ಟುಕೊಳ್ಳಲಿ. ಸಹಿ ಬದಲಾಗುತ್ತಿದ್ದರೆ ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ವ್ಯವಸ್ಥೆಯ ಬಗ್ಗೆ ಈಗಲೇ ಕೇಳಿ.

ಕಾಲ್ಪೆಟಗಿ, ಕೊಪ್ಪಳ

ಒಂದು ಬಿಟ್ಟಿದ್ದೆ. ಪದ್ಯ ಮುಗದ ಮ್ಯಾಲ ಏನು ಮಾಡ್ತೀರಿ ಅನ್ನೂದು. ಪೆಟಗಿ ನಿಂತ ಕೂಡ್ಲೆ ಎಬ್ಬಿಸಿ ಒಳಗ ಕರಕೊಂಡು ಹೋದ್ರ ಅವರ ಮನಸ್ಸಿನ್ಯಾಗ ನಾಟಕ ಇನ್ನೂ ನಡದಿರ್ತೈತಿ. ಮುಂದಿನ ಸೀನ್ ಯಾವಾಗ, ಶಕುನಿ ಎಲ್ಲಿ ಹೋದ ಅಂತ ರಾತ್ರಿ ಪೂರಾ ಕೇಳ್ತಾರ. ಅದಕ್ಕ ಮಂಗಳ ಹಾಡ್ರಿ. ಕಂಪನ್ಯಾಗ ನಾಂದಿಯಿಂದ ಸುರು, ಮಂಗಳಕ್ಕ ಮುಗೀತು, ಇದು ಅವರ ಮೈಗೆ ಗೊತ್ತೈತಿ. ಅವರ ಕಂಪನ್ಯಾಗ ಯಾವ ಮಂಗಳ ಹಾಡ್ತಿದ್ರು ಅಂತ ಹೆಂಡ್ತೀನ ಕೇಳ್ರಿ, ಅದನ್ನ ಹಾಡ್ರಿ, ಹೊಸಾದು ಬ್ಯಾಡ. ಎಲ್ಲಾರೂ ಎದ್ದು ನಿಂದರಲಿ, ಆರತಿ ಆಗಲಿ. ಆಮ್ಯಾಲ ಮಾಸ್ತರು ಪೆಟಗಿ ಮುಚ್ಚೂದು ಅವರ ಕಣ್ಣಿಗೆ ಕಾಣಬೇಕು. ಮುಚ್ಚಿ, ಕೈ ಮುಗದು, "ಇವತ್ತಿನ ಆಟ ಚಲೋ ಆತ್ರಿ, ನಡೀರಿ ಊಟಕ್ಕ" ಅನ್ನಲಿ.